ದಸ್ತಗೀರಿಯ ಮೊದಲ ಪತ್ರಿಕೆ

ದಸ್ತಗೀರಿ, ನಿನ್ನ ಲಗ್ನಪತ್ರಿಕೆಯನ್ನು ನಾನು ದರ್ಗಾಕ್ಕೆ ಕೊಡಲೇ ಇಲ್ಲ. ಕೊಟ್ಟೆ ಎಂದು ನಿನಗೂ ಅಮ್ಮನಿಗೂ ಹೇಳಿದ್ದು ಸುಳ್ಳು.

ಫೇಸ್‌ಬುಕ್ಕಿನಲ್ಲಿ ಊರವರ ಮನೆಯ ಕಥೆಯನ್ನೆಲ್ಲ ಬರೆದು ಹಾಕುವವಳು ನಾನು. ನಮ್ಮ ಮನೆಯದನ್ನು ಮಾತ್ರ — ಇರಲಿ, ಈಗ ಬರೆಯುತ್ತೇನೆ. ಇದನ್ನು ಮೊದಲು ಓದುವವನು ನೀನೇ.

ನನ್ನ ಬೆನ್ನಿಗೆ ಹುಟ್ಟಿದ ಕೂಸುಗಳು ಅಮ್ಮನಿಗೆ ದಕ್ಕಲಿಲ್ಲ. ಚಿನ್ನದ ಗಣಿಯವರ ಸಾಲುಮನೆ, ನಂದಿದುರ್ಗದ ಲೈನ್‌ನಲ್ಲಿ ಪಕ್ಕದ ಮನೆಯ ಬೀಬಮ್ಮ ಅವಳನ್ನು ದರ್ಗಾಕ್ಕೆ ಕರೆದೊಯ್ದಳು. ಮುಂದಿನ ಕೂಸು ಉಳಿದರೆ ಪೀರರ ಹೆಸರನ್ನೇ ಇಡುತ್ತೇನೆ ಎಂದು ಅಮ್ಮ ಹರಕೆ ಹೊತ್ತಳು. ನೀನು ಉಳಿದೆ. ದರ್ಗಾ ನೋಡಿಕೊಳ್ಳುವ ಮುಜಾವರ್ ತಾತ ನಿನ್ನ ಕಿವಿಯಲ್ಲಿ ಹೆಸರು ಹೇಳಿ, ಅದನ್ನು ಬಿಡಿಸಿ ತಿಳಿಸಿದರು: ಪಾರಸಿ ಮಾತು, ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು, ಬಾಗ್ದಾದಿನ ದೊಡ್ಡ ಪೀರರನ್ನು ಜನ ಹಾಗೆ ಕರೆಯುತ್ತಾರೆ. ನಮ್ಮ ನಾಲಿಗೆಯಲ್ಲಿ ಅದು ದಸ್ತಗೀರಿ ಆಯಿತು. ಅಮ್ಮ ನನಗೆ ಹೇಳುತ್ತಿದ್ದದ್ದು ಒಂದೇ: "ಕೈ ಇಡ್ದೋರ ಎಸರು ಕಣೇ. ಮುಚ್ಚಿಡ್ಬಾರ್ದು."

ಮುಚ್ಚಿಟ್ಟವಳು ನಾನು. ನಿನ್ನ ಮದುವೆ ಗೊತ್ತಾದಾಗ ಕ್ಯಾಸಂಬಳ್ಳಿಯಿಂದ ಹೆಣ್ಣಿನ ಸೋದರಮಾವ ಬಂದು, "ಅಲ್ಲಮ್ಮಾ, ನಮ್ಮೋರಾಗಿ ಸಾಬ್ರ ಎಸರು ಯಾಕಿಕ್ಕಿದ್ರಿ? ಪತ್ರಿಕೇಲಿ ಇದ್ನ ಓದಿ ನಮ್ ನೆಂಟ್ರು ನಗಲ್ವಾ?" ಎಂದ. ಸಂಬಂಧ ತಪ್ಪಿಹೋದೀತೆಂದು ನಿನ್ನ ಹೆಸರನ್ನು ಗಿರೀಶ ಎಂದು ಅಚ್ಚು ಹಾಕಿಸಿದೆ. ಪ್ರೆಸ್ಸಿನ ಮುಂದೆ ನೀನು ಕೊನೆಗೆ ಅಂದದ್ದು ಇಷ್ಟೇ: "ಅಕ್ಕಾ, ದರ್ಗಾದಲ್ಲಿ ಇಕ್ಕುವಾಗ ನನ್ನ ನಿಜ್ವಾದ ಎಸರು ಏಳ್ಬಿಡು."

ಹರಕೆಯ ಮಕ್ಕಳ ಮೊದಲ ಪತ್ರಿಕೆ ಅಲ್ಲಿಗೇ ಹೋಗಬೇಕು — ನಮ್ಮ ಲೈನಿನ ರೂಢಿ ಅದು. ಹಾಸಿಗೆ ಹಿಡಿದಿದ್ದ ಅಮ್ಮ ಪತ್ರಿಕೆಯ ಜೊತೆ ಸಕ್ಕರೆ, ಊದುಕಡ್ಡಿ ಕಟ್ಟಿ ಕೊಟ್ಟಳು. ದರ್ಗಾದ ಬಾಗಿಲವರೆಗೂ ಹೋದೆ. ತಾತ ಕನ್ನಡಕ ಹಾಕಿಕೊಂಡು ಯಾರದೋ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ನಿನ್ನದನ್ನೂ ಓದುತ್ತಾರೆ — ಗಿರೀಶ ಯಾರಮ್ಮ ಎಂದು ಕೇಳುತ್ತಾರೆ — ತಿರುಗಿ ಬಂದುಬಿಟ್ಟೆ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕೊರಕಲಿನಲ್ಲಿ ಗಂಟನ್ನು ತುರುಕಿದೆ. ಗಾಳಿ ಎದ್ದಿತ್ತು. ಆ ಬೂದು ಧೂಳು ಮನೆ ಸೇರುವವರೆಗೂ ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು.

ನನ್ನ ಮಾತು ನಂಬಿಯೇ ಅಮ್ಮ ತೀರಿಕೊಂಡಳು. ಮರುವರ್ಷ ನಿನ್ನ ಕೂಸು ಉಸಿರಿಲ್ಲದೆ ಹುಟ್ಟಿತು. ಬಂಗಾರಪೇಟೆಯಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನು ಕೇಳಿದೆ: "ಪತ್ರಿಕೆ ಅಲ್ಲಿಕ್ಕಿದ್ದೆ ಅಲ್ವಾ ಅಕ್ಕಾ?"

"ಇಕ್ಕಿದ್ದೆ ಕಣ್ಲಾ."

ಹಾಗಾದರೆ ತಪ್ಪು ನಿನ್ನದೇ ಎಂದು ನೀನು ತೀರ್ಮಾನಿಸಿದೆ. ಅಂದಿನಿಂದ ಪ್ರತಿ ಗುರುವಾರ ಬರಿಗಾಲಿನಲ್ಲಿ ದರ್ಗಾಕ್ಕೆ ನಡೆಯುತ್ತೀಯ. ಈಗ ನಿನ್ನ ಹೆಂಡತಿ ಮತ್ತೆ ತುಂಬಿದ ಬಸುರಿ. ತೊಟ್ಟಿಲು ತರಬೇಡ ಎನ್ನುತ್ತೀಯ, ಹೆಸರು ಯೋಚಿಸಬೇಡ ಎನ್ನುತ್ತೀಯ. ಮೊನ್ನೆ ನಮ್ಮ ಮನೆಯಲ್ಲಿ ಕಾಫಿ ಲೋಟ ಹಿಡಿದು, "ನನ್ನೆಸರು ನಾನೇ ಬಿಟ್ಕೊಟ್ಟೆ ಅಕ್ಕಾ. ಈ ಸಲಾನೂ ಅದು ನನ್ನ ಬಿಡಲ್ಲ" ಎಂದೆ. ನಾನೆದ್ದು ಕಿಟಕಿ ಮುಚ್ಚಿದೆ. ದಿಬ್ಬದ ಧೂಳು ಬರುತ್ತಿದೆ ಎಂದೆ.

ಗಾಳಿ ಇರಲಿಲ್ಲ.

ಪತ್ರಿಕೆಗೂ ಕೂಸಿಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಹೊತ್ತು ನಡೆಯುತ್ತಿರುವುದು ನನ್ನ ತಪ್ಪನ್ನು — ಅದು ಗೊತ್ತು. ಈ ಗುರುವಾರ ಚಪ್ಪಲಿ ಹಾಕಿಕೊಂಡು ಬಾ. ಬರಿಗಾಲಿನಲ್ಲಿ ನಾನು ನಡೆಯುತ್ತೇನೆ. ಅಂದು ತಿರುಗಿ ಬಂದ ಬಾಗಿಲಲ್ಲೇ ನಿಂತು ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತೇನೆ. ಅದನ್ನು ಮುಚ್ಚಿಟ್ಟವಳ ಹೆಸರನ್ನೂ.