ಸೋದರಮಾವನ ತೊಡೆ

ಲಕ್ವ ಹೊಡೆದ ಮೂರನೆಯ ವಾರಕ್ಕೆ ನನಗೆ ಕೂರುವುದನ್ನು ಕಲಿಸಲು ರಾಯದುರ್ಗದಿಂದ ಫಿಸಿಯೋ ಮೇಡಂ ಬರತೊಡಗಿದರು. ನಲವತ್ತೇಳು ವರ್ಷ ಕೂತೇ ಬಂದವನು ನಾನು, ಅದನ್ನೂ ಕಲಿಯಬೇಕೇ ಎಂದು ರೇಗಿದೆ. ಅವರು ಹಿಡಿದಿದ್ದ ಕೈ ಬಿಟ್ಟರು. ಎಡಕ್ಕೆ ವಾಲಿ ದಿಂಬಿನ ಮೇಲೆ ಬಿದ್ದೆ.

ಆದರೆ ಆತುರ ನನಗೇ ಇತ್ತು. ತಂಗಿಗೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಮಗನ ಜವಳ ಹತ್ತಿರ ಬಂದಿತ್ತು. ನಮ್ಮಲ್ಲಿ ಮೊದಲ ಕೂದಲು ತೆಗೆಸುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಅವಳಿಗಿರುವ ಅಣ್ಣ ನಾನೊಬ್ಬನೇ. ಬೇರೆ ಯಾರನ್ನಾದರೂ ಕೂರಿಸು ಎಂದರೆ, "ನೀನ ಕುಂದ್ರಬೇಕಣ್ಣ. ಇಲ್ಲಂದ್ರ ಕೂದ್ಲು ಹಂಗ ಬೆಳೀಲಿ ಬಿಡು" ಅಂದಳು.

ಮೇಡಂ ನನ್ನ ಹೆಂಡತಿಗೆ ಒಂದು ಕೆಲಸ ಹೇಳಿಕೊಟ್ಟರು: "ದಿನಾ ಅವರ ಭುಜ ಹಿಡಿದು ಅತ್ತಾಗ ಇತ್ತಾಗ ಮೆಲ್ಲಗ ನೂಕ್ರಿ. ಬೀಳದಂಗ ಅವರೇ ತಡಕೊಬೇಕು." ಇಪ್ಪತ್ತು ವರ್ಷ ನನಗೆ ಎದುರಾಡದ ಹೆಂಗಸು, ಅಪ್ಪಣೆ ಸಿಕ್ಕಿದ್ದೇ ತಡ, ಸೆರಗು ಸಿಕ್ಕಿಸಿ ನಿಂತಳು.

"ಇದು ಮೆಲ್ಲಗೇನ?" ಎಂದು ನಾನು ಕೂಗಿದರೆ, "ಮೇಡಮ್ಮ ಹೇಳ್ಯಾರ್ರಿ" ಎಂದು ಇನ್ನೊಂದು ಕೊಡುತ್ತಿದ್ದಳು.

ಆಮೇಲೆ ತೊಡೆಯ ಮೇಲೆ ಭಾರ ಇಟ್ಟುಕೊಂಡು ಕೂರಿ ಎಂದರು ಮೇಡಂ. ಅವರ ಮನಸ್ಸಿನಲ್ಲಿ ದಿಂಬೋ ಏನೋ ಇದ್ದಿರಬೇಕು. ಹೆಂಡತಿ ಹಟ್ಟಿಯಿಂದ ಕುರಿಮರಿ ತಂದು ಕೂರಿಸಿದಳು. "ಅಳಿಯಾನೂ ಹಿಂಗ ಒದಿತಾನ, ರೂಢಿ ಮಾಡ್ಕೊಳ್ರಿ" ಅಂದಳು. ಅದು ಒದ್ದಷ್ಟೂ ನಾನು ಸೊಂಟ ಬಿಗಿದು ನೆಟ್ಟಗಾಗುತ್ತಿದ್ದೆ. ಒಂದು ದಿನ ಹಾಗೆ ಬೀಗುತ್ತಿರುವಾಗ ಅವಳು ನಕ್ಕಳು. ಮರಿ ಉಚ್ಚೆ ಹೊಯ್ದು ಎಡತೊಡೆಯ ಮೇಲಿನ ಪಂಚೆ ತೊಟ್ಟಿಕ್ಕುತ್ತಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಎಡಮೈಗೆ ಬಿಸಿ ತಂಪಿನ ಅರಿವೇ ಹೋಗಿತ್ತು. ಅವಳ ನಗು ಅಲ್ಲಿಗೇ ನಿಂತಿತು. ಅವತ್ತು ನನಗೆ ಊಟ ಸೇರಲಿಲ್ಲ.

ಜವಳದ ದಿನ ಮಂಚಕ್ಕೆ ಹೊಸ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಹೆಂಡತಿ ಬೆನ್ನಿಗೆ ಬಂದು ನಿಂತಳು. ದೂರ ಸರಿ ಎಂದು ಗದರಿದೆ. ಕ್ಷೌರದವನ ಕತ್ತಿ ಕಂಡದ್ದೇ ತೊಡೆಯ ಮೇಲಿದ್ದ ಅಳಿಯ ಕಿರುಚಿ ಹಿಂದಕ್ಕೆ ಎಗರಿದ. ವಾಲಿದೆ, ತಡೆದುಕೊಂಡೆ, ನೆಟ್ಟಗಾದೆ. ಕೂದಲು ಅರ್ಧ ಇಳಿದಿರುವಾಗ, "ಏ, ತಡೀಪಾ" ಎಂದು ಕೂಗಿದೆ. ಕ್ಷೌರದವನು ಕತ್ತಿ ಮೇಲೆತ್ತಿದ.

"ಬೀಳಾಕ ಹತ್ತೀಯೇನಣ್ಣ?" ಎಂದು ತಂಗಿ ಓಡಿಬಂದಳು.

"ಇಲ್ಲವಾ. ನಿನ್ನ ಮಗ ಉಚ್ಚೆ ಹೊಯ್ದ. ಬೆಚ್ಚಗ ಐತಿ."

"ಯಾವ ತೊಡಿರೀ?" ಎಂದಳು ಹೆಂಡತಿ.

"ಎಡದ್ದು."

ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಂಗಿ ಬೇರೆ ಪಂಚೆ ತಂದಳು. ಇದು ಆರೋತನಕ ಯಾರೂ ಮುಟ್ಟಬ್ಯಾಡ್ರಿ ಎಂದು ಬೈದು ಕಳಿಸಿದೆ.