ಗಾಳಿ ಎಲ್ಲಿ ಹೋಗುತ್ತದೆ ಎಂದು ಕೇಳಿದಾಕೆ

ಮುಂಡರಗಿ ಕಡೆಯ ಗುಡ್ಡದ ಮೇಲೆ ಐದು ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೊದಲು ಜೊತೆಗೆ ಇನ್ನೊಬ್ಬನಿದ್ದ. ಅವನನ್ನು ಲಕ್ಷ್ಮೇಶ್ವರದ ಕಡೆಗೆ ಕಳಿಸಿದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕಂಬದ ಬುಡದ ಬಾಗಿಲು ತೆಗೆಯುವುದು, ಪರದೆಯ ಮೇಲಿನ ಅಂಕಿ ಬರೆದುಕೊಳ್ಳುವುದು, ಮುಂದಿನ ಕಂಬಕ್ಕೆ ನಡೆಯುವುದು. ಆಫೀಸಿನಿಂದ ಫೋನ್ ಬಂದರೆ ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಬಾಯಿ ತೆರೆದಿರುತ್ತಿರಲಿಲ್ಲ.

ಗುಡ್ಡದ ಕೆಳಗೆ ಒಬ್ಬ ಹೆಣ್ಣುಮಗಳು ಆಡು ಮೇಯಿಸುತ್ತಿದ್ದರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಹಿಂದಿನ ವರ್ಷ ಗಂಡ ತೀರಿಕೊಂಡಿದ್ದರೆಂದು ಚಹಾದಂಗಡಿಯವರು ಹೇಳಿದ್ದರು. ನಾವಿಬ್ಬರೂ ದಿನಾ ಒಬ್ಬರಿಗೊಬ್ಬರು ಕಾಣುತ್ತಿದ್ದೆವು, ಮಾತಾಡಿರಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಗಾಳಿ ವಿಪರೀತವಾಗಿ, ಮೂರನೆಯ ಯಂತ್ರ ತಾನೇ ಬ್ರೇಕ್ ಹಾಕಿಕೊಂಡು ನಿಂತಿತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಆಕೆ ಮೇಲೆ ಹತ್ತಿ ಬಂದಿದ್ದರು. ಈ ಫ್ಯಾನುಗಳು ಗಾಳಿ ತಿಂದು ಮೋಡ ಓಡಿಸುತ್ತವೆ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ, ತಿಂದ ಗಾಳಿ ಎಲ್ಲಿ ಹೋಗುತ್ತದೆ ಎಂದು ಕೇಳಿದರು.

ಗಾಳಿ ಎಲ್ಲೂ ಹೋಗುವುದಿಲ್ಲ, ಸ್ವಲ್ಪ ವೇಗ ಕಳೆದುಕೊಂಡು ಮುಂದೆ ಸಾಗುತ್ತದೆ ಎಂದೆ. ಕಳೆದ ವೇಗ ರೆಕ್ಕೆಯ ತಿರುಗುವಿಕೆಯಾಗುತ್ತದೆ, ತಿರುಗುವಿಕೆ ಕರೆಂಟಾಗುತ್ತದೆ, ಕರೆಂಟು ಗದಗಿನ ಯಾವುದೋ ಮನೆಯಲ್ಲಿ ಬೆಳಕಾಗುತ್ತದೆ. ಬ್ರೇಕ್ ಹಾಕಿದರೆ ಅದೇ ತಿರುಗುವಿಕೆ ಬಿಸಿಯಾಗುತ್ತದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ. ಕೇಳುವವರು ಸಿಕ್ಕಿದ್ದರು, ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ.

ಆಕೆ ಕೆಳಗಿನ ಹೊಲದ ಕಲ್ಲಿನ ಒಡ್ಡು ತೋರಿಸಿದರು.

"ಅದನ್ನ ನಮ್ಮ ಮನಿಯವರು ಒಬ್ಬರೇ ಕಟ್ಟಿದ್ರು, ಮೂರು ಬ್ಯಾಸಗಿ. ಏನೂ ನಾಶ ಆಗೂದಿಲ್ಲ ಅಂತಿಯಲ್ಲ ತಮ್ಮಾ, ಅವರ ಶಕ್ತಿ ಎಲ್ಲಿ ಹೋತು?"

ಸಮಾಧಾನದ ಮಾತೊಂದು ಬಾಯಿತನಕ ಬಂತು. ಆಕೆಯ ಮುಖ ನೋಡಿ ನುಂಗಿಕೊಂಡೆ.

"ಕಲ್ಲು ಮ್ಯಾಲೆ ಎತ್ತಿ ಇಟ್ಟಾರಲ್ರಿ ಅಕ್ಕಾರ, ಅದರಾಗ ಒಂದೀಟು ಐತಿ. ಉಳಿದದ್ದು ಬಿಸಿ ಆಗಿ ಗಾಳಿಗೆ ಸೇರಿ ಹೋಗೇತಿ. ನಾಶ ಆಗಿಲ್ಲ, ಆದ್ರ ತಿರುಗಿ ಕೂಡಿಸಾಕ ಬರೂದಿಲ್ರಿ."

ಆಕೆ ಒಡ್ಡಿನ ಕಡೆ ನೋಡುತ್ತ ಅಲ್ಲೇ ಕಲ್ಲಿನ ಮೇಲೆ ಕೂತರು.

"ಖರೆ ಹೇಳಿದಿ. ಎಲ್ಲಾರೂ ಅವರು ನಿನ್ನ ಜೋಡಿನ ಅದಾರ ಅಂತಾರ. ಇಲ್ಲ ಅನ್ನೂದು ನನಗ ಗೊತ್ತೈತಿ."

ಆಮೇಲೆ ನಿನ್ನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಹೆಂಡತಿ ಶಿರಹಟ್ಟಿಯ ತವರಿಗೆ ಹೋಗಿ ಎರಡು ವರ್ಷವಾಯಿತು, ಬರುತ್ತಾಳೋ ಇಲ್ಲವೋ ನಾನು ಕೇಳಿಯೇ ಇಲ್ಲ ಎಂದೆ. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆಕೆ ಬುತ್ತಿ ಬಿಚ್ಚಿ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು.

ಆ ಮಳೆಗಾಲವೆಲ್ಲ ಆಗಾಗ ಒಟ್ಟಿಗೆ ಕೂತು ಉಂಡೆವು. ದಸರೆ ಆದ ಮೇಲೆ ಆಕೆ ಬಿಂಕದಕಟ್ಟಿಯ ತಂಗಿಯ ಮನೆಗೆ ಹೋದರು. ನನಗೆ ಖಬರು ಸಿಕ್ಕಿದ್ದು ವಾರದ ನಂತರ, ಚಹಾದಂಗಡಿಯಲ್ಲಿ. ತಿರುಗಿ ಬರುತ್ತೀರಾ ಎಂದು ಇವರನ್ನೂ ಕೇಳದೆ ಉಳಿದೆ.

ಮರುದಿನ ರಜೆ ಹಾಕಿ ಶಿರಹಟ್ಟಿಯ ಬಸ್ಸು ಹತ್ತಿದೆ. ಹೆಂಡತಿ ಚಹಾ ಕೊಟ್ಟಳು. ಕೇಳಬೇಕಾದ್ದನ್ನು ಕೇಳಿದೆ. ಇನ್ನು ಬರುವುದಿಲ್ಲವೆಂದು ತಗ್ಗಿದ ದನಿಯಲ್ಲಿ, ನನ್ನ ಮುಖ ನೋಡಿಯೇ ಹೇಳಿದಳು. ಸಿಟ್ಟು ಬರಲಿಲ್ಲ. ಎದೆಯಲ್ಲಿ ನೋವಿತ್ತು, ಆದರೆ ಎರಡು ವರ್ಷದ ಅನುಮಾನ ಅಲ್ಲಿಗೆ ಮುಗಿಯಿತು. ಅವಳು ಬಸ್‌ಸ್ಟ್ಯಾಂಡಿನ ತನಕ ಬಂದು, ಬಸ್ಸು ಹೊರಡುವವರೆಗೂ ನಿಂತಿದ್ದಳು.