ಒಗ್ಗರಣೆ ಇಲ್ಲದ ಸಾರು

ಲಿಂಗಸುಗೂರಿನಲ್ಲಿ ಡಾಕ್ಟರು ಹೇಳಿದ ಮಾತನ್ನು ಕಿವಿಗೊಟ್ಟು ಕೇಳಿದವಳು ನಾನೊಬ್ಬಳೇ. ಅಪ್ಪ ಪಕ್ಕದಲ್ಲೇ ಕೂತಿದ್ದ, ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದ. ಎದೆಗೆ ವೈರು ಅಂಟಿಸಿ ತೆಗೆದ ಉದ್ದನೆಯ ಕಾಗದವನ್ನು ನೋಡುತ್ತ ಡಾಕ್ಟರು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ, ಬೀಡಿ ಬಿಡಬೇಕು, ಉಪ್ಪು ಇಳಿಸಬೇಕು, ಕರಿದದ್ದು ಬೇಡ, ದಿನಾ ಬೆಳಿಗ್ಗೆ ನಡೆಯಬೇಕು ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ಎಣ್ಣಿ ದಿನಕ್ಕ ಎರಡು ಚಮಚ ಸಾಕವ್ವ, ಅದಕ್ಕಿಂತ ಜಾಸ್ತಿ ಬ್ಯಾಡ" ಎಂದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿ ಓದಿದವಳು ನಾನೇ ಎಂಬ ಜಂಬ ಬೇರೆ. ಮಸ್ಕಿಯ ಬಸ್ಸು ಹತ್ತುವಾಗ ಅಪ್ಪ ಮೆಟ್ಟಿಲ ಮೇಲೆ ನಿಂತು ಎದೆ ಹಿಡಿದುಕೊಂಡ. ಅವನ ಮುಖದ ಬೆವರು ನೋಡಿ ನನಗೆ, ಎರಡು ಚಮಚವೂ ಈ ಎದೆಗೆ ಹೆಚ್ಚಾದರೆ ಎಂಬ ಹೆದರಿಕೆ ಹೊಕ್ಕಿತು. ಮಸ್ಕಿಯಲ್ಲಿ ಇಳಿಯುವಷ್ಟರಲ್ಲಿ, ಎರಡೂ ಬೇಡ, ಒಂದೂ ಬೇಡ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

"ಎಣ್ಣಿ ಮುಟ್ಟಸಬಾರದಂತ. ಡಾಕ್ಟರು ಹೇಳ್ಯಾರ" ಎಂದೆ ಅವ್ವನಿಗೆ.

ನಮ್ಮದು ಕಿರಾಣಿ ಅಂಗಡಿ. ಅಂಗಡಿಯ ಎಣ್ಣೆ ಡಬ್ಬಿಯಿಂದಲೇ ಅಡುಗೆಮನೆಯ ಗಿಂಡಿ ತುಂಬುತ್ತಿತ್ತು, ಅವ್ವ ಅಳೆದು ಹಾಕಿದ್ದೇ ಇಲ್ಲ. ಅವಳ ಬದನೆಕಾಯಿ ಎಣ್ಣೆಗಾಯಿಯಲ್ಲಿ ಬದನೆಕಾಯಿಯನ್ನು ಹುಡುಕಿ ತೆಗೆಯಬೇಕಿತ್ತು. ಮಧ್ಯಾಹ್ನ ನಾಲ್ಕಕ್ಕೆ ಅಂಗಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಹೋಗದಿದ್ದರೆ ಅವಳಿಗೆ ದಿನವೇ ಮುಗಿದಂತಲ್ಲ. ಗಂಡನ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದವಳಲ್ಲ, ಎಲ್ಲವನ್ನೂ ತಾಟಿಗೆ ಸುರಿಯುತ್ತಿದ್ದಳು.

ಒಂದೂವರೆ ತಿಂಗಳು ಅಡುಗೆಮನೆ ನನ್ನ ಕೈಯಲ್ಲಿತ್ತು. ಬೇಯಿಸಿದ ಬೇಳೆ, ಜೋಳದ ರೊಟ್ಟಿ, ಹಸಿ ಮೆಂತ್ಯ, ಮೂಲಂಗಿ. ಬೆಳಿಗ್ಗೆ ಅಪ್ಪನನ್ನು ಗುಡ್ಡದ ತನಕ ನಡೆಸಿಕೊಂಡು ಹೋಗುತ್ತಿದ್ದೆ. ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗ್ರೀ ಸಾವಕಾರ್ರ?" ಎಂದು ಕೇಳುತ್ತಿದ್ದರು. ಕೆಲಸವಿಲ್ಲದೆ ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ಅವನಿಗೆ ನಾಚಿಕೆ. ಅದಕ್ಕೆ ಕೈಯಲ್ಲೊಂದು ಖಾಲಿ ಚೀಲ ಹಿಡಿದು, ಏನೋ ತರಲು ಹೊರಟವನಂತೆ ನಡೆಯುತ್ತಿದ್ದ. ಬೀಡಿಯನ್ನು ಮಾತ್ರ ನನಗಾಗಿ ಬಿಟ್ಟ. ಉಸಿರು ಹಗುರಾಗಿತ್ತು, ಗುಡ್ಡ ಮುಟ್ಟುವವರೆಗೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅಪ್ಪ ಉಳಿಯುತ್ತಾನೆ ಎಂದು ನಾನು ನಂಬಿದ್ದು ಆ ದಿನಗಳಲ್ಲಿ ಮಾತ್ರ.

ಆಮೇಲೆ ಅಪ್ಪನ ಅಕ್ಕ ಸಂತೆಕಲ್ಲೂರಿನಿಂದ ಬಂದಳು. ಊಟಕ್ಕೆ ಕೂತು ಸಾರಿನ ಬಟ್ಟಲು ನೋಡಿದಳು. ಸಾಸಿವೆ ಇಲ್ಲ, ಕರಿಬೇವಿಲ್ಲ, ಮೇಲೆ ಎಣ್ಣೆಯ ಒಂದು ಹನಿ ಇಲ್ಲ. ನಮ್ಮ ಮನೆತನದಲ್ಲಿ ಯಾರಾದರೂ ಸತ್ತರೆ ಮೂರು ದಿನ ಬಾಣಲೆ ಇಡುವುದಿಲ್ಲ, ಒಗ್ಗರಣೆ ಕೊಡುವುದಿಲ್ಲ. ಸಾಸಿವೆ ಸಿಡಿಯುವ ಸದ್ದು ಸಾವಿನ ಮನೆಯಿಂದ ಹೊರಗೆ ಕೇಳಬಾರದು.

ಅತ್ತೆ ತಾಟು ದೂಡಿದಳು. "ಏನ ಮಾಡಾಕತ್ತೀಯಬೇ? ಜೀವಂತ ಗಂಡಗ ಸತ್ತೋರ ಮನಿ ಊಟ ಹಾಕ್ತೀಯಲ್ಲ."

ಅವ್ವನ ಮುಖ ಬಿಳಚಿಕೊಂಡಿತು. ಆ ಮಾತು ಅವಳ ಮನಸ್ಸಿನಲ್ಲೂ ಒಂದೂವರೆ ತಿಂಗಳಿಂದ ಕೊರೆಯುತ್ತಿತ್ತು ಎಂದು ನನಗೆ ಆಗಲೇ ಗೊತ್ತಾಯಿತು.

ಮರುದಿನದಿಂದ ಸಾಸಿವೆ ಸಿಡಿಯತೊಡಗಿತು. ನಾನು ಗಿಂಡಿ ಬಚ್ಚಿಟ್ಟೆ, ಅವ್ವ ಅಂಗಡಿಯ ಡಬ್ಬಿಯಿಂದಲೇ ಚೊಂಬಿನಲ್ಲಿ ಎಣ್ಣೆ ತಂದಳು. ಕಾಲು ಹಿಡಿದು ಬೇಡಿಕೊಂಡೆ. ಅವಳು ಹಟಕ್ಕೆ ಬಿದ್ದು ಮೊದಲಿಗಿಂತ ಹೆಚ್ಚು ಹಾಕುತ್ತಿದ್ದಳು, ಕಳೆದ ದಿನಗಳ ಅಪಶಕುನವನ್ನೆಲ್ಲ ತೊಳೆಯುವವಳಂತೆ.

"ಅಪ್ಪಗ ಏನರ ಆದ್ರ ನೀನ ಕಾರಣ" ಎಂದೆ ಒಂದು ದಿನ. ಹೆತ್ತವಳಿಗೆ ಆಡುವ ಮಾತಲ್ಲ ಅದು. ಆದರೂ ಆಡಿದೆ.

"ಅವರು ಇರಬೇಕಂತನ ಮಾಡಾಕತ್ತೀನಿ" ಎಂದಳು ಅವ್ವ, ಸೌಟು ಕೆಳಗಿಡದೆ.

ನಮ್ಮಿಬ್ಬರ ನಡುವೆ ಸಿಕ್ಕ ಅಪ್ಪ ಮೊದಲು ನನ್ನ ಸಾರಿನಲ್ಲಿ ಒಂದು ರೊಟ್ಟಿ ಉಣ್ಣುತ್ತಿದ್ದ, ಆಮೇಲೆ ಅವಳ ಸಾರಿನಲ್ಲಿ ಎರಡು. "ಇಬ್ರೂ ಸುಮ್ನಿರ್ರಿ, ಉಂಡೀನಲ್ಲ" ಎನ್ನುತ್ತಿದ್ದ. ನಾನು ಅವನೆದುರು ಕೂತು ಆ ಎರಡು ರೊಟ್ಟಿಗಳನ್ನು ನೋಡುತ್ತಿದ್ದೆ. ಕಸಿದುಕೊಳ್ಳಲು ಕೈ ಬರುತ್ತಿರಲಿಲ್ಲ, ನೋಡುತ್ತ ಕೂರಲೂ ಆಗುತ್ತಿರಲಿಲ್ಲ. ಗುಡ್ಡದ ದಾರಿಯಲ್ಲಿ ಅವನು ಮತ್ತೆ ಅಲ್ಲಲ್ಲಿ ನಿಲ್ಲತೊಡಗಿದ. ನಿಂತಾಗ ಚೀಲ ಮಡಚುವ ನೆಪ ಮಾಡುತ್ತಿದ್ದ.

ಉಗಾದಿ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತಿದ್ದವನು ತಕ್ಕಡಿ ಹಿಡಿದಂತೆಯೇ ಒರಗಿದ. ನಾಲಿಗೆಯ ಕೆಳಗಿಡುವ ಗುಳಿಗೆ ಇಟ್ಟೆ. ಅದು ಕರಗಲಿಲ್ಲ. ಲಿಂಗಸುಗೂರಿಗೆಂದು ಹತ್ತಿಸಿದ ಜೀಪು ಊರು ದಾಟುವ ಮೊದಲೇ ವಾಪಸು ತಿರುಗಿತು.

ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ದರು. ಅವನಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ. ನಮ್ಮ ಮನೆಯಲ್ಲಿ ಬಾಣಲೆ ಇಡುವಂತಿರಲಿಲ್ಲ, ಹಾಗಾಗಿ ಮಿರ್ಚಿ ಭಜಿ ಹೋಟೆಲಿನಿಂದ ಬಂತು, ಎಣ್ಣೆಗಾಯಿ ಪಕ್ಕದ ಮನೆಯಿಂದ. ಒಂದು ಕಟ್ಟು ಬೀಡಿಯನ್ನೂ ಇಟ್ಟರು. ಬೀಡಿ ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯೇ ಬಡಿಸಿದಳು. ಬೇಯಿಸಿದ ಬೇಳೆ, ಒಣ ರೊಟ್ಟಿ. ಸಾಸಿವೆ ಇಲ್ಲ, ಕರಿಬೇವಿಲ್ಲ, ಎಣ್ಣೆಯ ಒಂದು ಹನಿ ಇಲ್ಲ. ಅವ್ವ ತಾಟನ್ನು ಬಹಳ ಹೊತ್ತು ನೋಡಿದಳು.

"ಡಾಕ್ಟರು ಉಣಸು ಅಂದಿದ್ದು ಇದನ್ನ ಏನವ್ವ?" ಎಂದು ನನ್ನನ್ನು ಕೇಳಿದಳು.

ಎರಡು ಚಮಚ. ಒಂದು ಪಾತ್ರೆ ಸಾರಿಗೆ ಒಂದೇ ಚಮಚ ಎಣ್ಣೆಯಲ್ಲಿ ನಾಲ್ಕು ಕಾಳು ಸಾಸಿವೆ ಸಿಡಿಸಬಹುದಿತ್ತು. ಆ ಸದ್ದು ಕೇಳಿದ್ದರೆ ಅವ್ವನಿಗೆ ನೆಮ್ಮದಿಯಾಗುತ್ತಿತ್ತು, ಅತ್ತೆ ಸುಮ್ಮನೆ ಉಂಡು ಏಳುತ್ತಿದ್ದಳು, ಅಪ್ಪ ಎರಡೆರಡು ಸಲ ಉಣ್ಣಬೇಕಾಗಿರಲಿಲ್ಲ. ಡಾಕ್ಟರು ಇದನ್ನು ಹೇಳಿರಲೇ ಇಲ್ಲ, ಹೇಳಿದವಳು ನಾನು. ಈ ಮಾತೆಲ್ಲ ಗಂಟಲಿನ ತನಕ ಬಂತು.

"ಹೂಂ, ಇದನ್ನ" ಎಂದೆ.

ಅವ್ವ ತಲೆಯಾಡಿಸಿ ರೊಟ್ಟಿ ಮುರಿದಳು. ಆಮೇಲೆ ಬದುಕಿದ ಅಷ್ಟೂ ವರ್ಷ ತನ್ನ ಪಾಲಿನ ಸಾರಿಗೆ ಒಗ್ಗರಣೆ ಹಾಕಿಕೊಳ್ಳಲಿಲ್ಲ. ಅವಳೆದುರು ಕೂತು ಉಣ್ಣುತ್ತಿದ್ದ ನಾನು ಒಂದು ದಿನವೂ ಎರಡು ಚಮಚದ ಮಾತು ತೆಗೆಯಲಿಲ್ಲ.